ಬಚ್ಚಲೊಲೆಯ ಒಳಗೊಂದು ಕಬ್ಬಿಣದ ಒಲೆ

ಶಿರಸಿಯ ಹತ್ತಿರದ ನಮ್ಮ ಮನೆಯ ಬಚ್ಚಲೊಲೆಯನ್ನು ಕಟ್ಟಿಸಿದವರು ನನ್ನ ಅಜ್ಜ. ಚಿರೆಕಲ್ಲಿನ ದಪ್ಪ ಗೋಡೆ, ಅದರಲ್ಲಿ ಅರ್ಧ ಹುದುಗಿ ಕುಳಿತ 60 ಲೀಟರಿನ ತಾಮ್ರದ ಹಂಡೆ, ಹಿಂಬದಿಯಲ್ಲಿ ಹೆಂಚಿನ ಮಾಡನ್ನು ದಾಟಿ ಮೇಲೇರುವ ಒಂದಡಿ ಚೌಕದ ಹೊಗೆಗೂಡು. ನೋಡುವುದಕ್ಕೆ ಗಟ್ಟಿಮುಟ್ಟಾಗಿದ್ದ ಈ ಒಲೆ ಆಷಾಢದ ಮಳೆಯಲ್ಲಿ ಮಾತ್ರ ಹೊಗೆಯನ್ನು ಮೇಲಕ್ಕೆ ಕಳುಹಿಸುವ ಬದಲು ಸ್ನಾನಕ್ಕೆ ಬಂದವರ ಕಣ್ಣಿಗೆ ಕಳುಹಿಸುತ್ತಿತ್ತು. ಕಳೆದ ವರ್ಷ ಅದನ್ನು ಒಡೆಯದೆ, ಅದರ ಬಾಯೊಳಗೇ ಬಾಗಿಲು ಮತ್ತು ಜಾಲರಿಯಿರುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೂರಿಸಿ, ಹಳೆಯ ಹೊಗೆಗೂಡಿನೊಳಗೆ ಸ್ಟೀಲಿನ ಕೊಳವೆ ಇಳಿಸಿದೆವು. ಆ ಕೆಲಸದಲ್ಲಿ ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಒಲೆಯನ್ನು ಕಿತ್ತು ಅಸ್ತ್ರ ಒಲೆ ಕಟ್ಟಿಸುವಂತೆ ಹಲವರು ಹೇಳಿದ್ದರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದ ಹೆಸರಿನ ಈ ಒಲೆ ನಮ್ಮ ಸೀಮೆಗೆ ಹೊಸದೇನಲ್ಲ. ಬೆಂಕಿಯ ಕೆಳಗೆ ಜಾಲರಿ, ಅಳತೆಯ ಗಾಳಿ, ಪಾತ್ರೆಯ ತಳವನ್ನು ಸವರಿಕೊಂಡು ಹೋಗುವ ಬಿಸಿಗಾಳಿ, ಕೊನೆಗೆ ಚಿಮಣಿ ಎಂಬ ಅದರ ತತ್ವದಲ್ಲಿ ನನಗೆ ತಕರಾರಿಲ್ಲ. ಆದರೆ ಅಜ್ಜನ ಕಲ್ಲುಕಟ್ಟೆ ಒಂದು ಬಿರುಕೂ ಇಲ್ಲದೆ ನಿಂತಿರುವಾಗ ಅದನ್ನು ಕೆಡವಲು ಮನಸ್ಸಾಗಲಿಲ್ಲ. ಅದೇ ತತ್ವವನ್ನು ಕಟ್ಟೆಯ ಒಳಗೆ ತರಬಹುದೇ ಎಂದು ಯೋಚಿಸಿದೆ.

ಮೊದಲು ತಿಳಿಯಬೇಕಾಗಿದ್ದದ್ದು ಹೊಗೆ ಏಕೆ ಹಿಂದಿರುಗುತ್ತದೆ ಎಂಬುದು. ಬಿಸಿಗಾಳಿ ಹಗುರವಾದ್ದರಿಂದ ಮೇಲೇರುತ್ತದೆ, ಏರುತ್ತಾ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಾರಿಯಲ್ಲಿಯೇ ತಣ್ಣಗಾದರೆ ಆ ಎಳೆತ ಸತ್ತುಹೋಗುತ್ತದೆ. ನಮ್ಮ ಹೊಗೆಗೂಡಿನ ಒಳ ಅಳತೆ 12 ಅಂಗುಲ ಚೌಕ, ಅಂದರೆ 144 ಚದರ ಅಂಗುಲ. ಇಷ್ಟು ದೊಡ್ಡ ಬೆಂಕಿಗೆ ಸಾಲುವ 6 ಅಂಗುಲ ವ್ಯಾಸದ ಕೊಳವೆಯ ಬಾಯಿಯಾದರೋ ಸುಮಾರು 28 ಚದರ ಅಂಗುಲ. ಐದು ಪಟ್ಟು ಅಗಲದ ದಾರಿಯಲ್ಲಿ ಹೊಗೆ ಐದು ಪಟ್ಟು ನಿಧಾನವಾಗಿ ತೆವಳುತ್ತಾ, ಮಳೆ ಕುಡಿದ ಚಿರೆಕಲ್ಲಿಗೆ ತನ್ನ ಬಿಸಿಯನ್ನೆಲ್ಲ ಕೊಟ್ಟು, ಕೊನೆಗೆ ಗೋಡೆಗೆ ಅಂಟು ಮಸಿಯಾಗಿ ಕೂರುತ್ತಿತ್ತು. ಹೊಗೆಗೂಡು ದೊಡ್ಡದಾದಷ್ಟೂ ಒಳ್ಳೆಯದು ಎಂಬ ಅಜ್ಜನ ಕಾಲದ ನಂಬಿಕೆಯೇ ಇಲ್ಲಿ ತೊಡಕಾಗಿತ್ತು.

ಪೆಟ್ಟಿಗೆಯನ್ನು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ 5 ಮಿಲಿಮೀಟರ್ ದಪ್ಪದ ತಗಡಿನಿಂದ ಮಾಡಿಸಿದೆ. ಕೆಳಗೆ ಬೂದಿ ಬೀಳುವ ಜಾಗ, ಅದರ ಮೇಲೆ ಬೀಡುಕಬ್ಬಿಣದ ಜಾಲರಿ, ಮುಂದೆ ಬಾಗಿಲು, ಬಾಗಿಲಿನಲ್ಲಿ ಗಾಳಿಯನ್ನು ಹೆಚ್ಚುಕಡಿಮೆ ಮಾಡಲು ಸರಿಸುವ ಪಟ್ಟಿ. ಮೇಲ್ಭಾಗದಲ್ಲಿ ಹಂಡೆಯ ಹೊಟ್ಟೆಯನ್ನು ಸುತ್ತುವರಿಯುವ ಕಬ್ಬಿಣದ ಬಳೆ. ಬೆಂಕಿಯ ಬಿಸಿ ಹಂಡೆಗೂ ಬಳೆಗೂ ನಡುವಿನ ಕಿರಿದಾದ ಸಂದಿನಲ್ಲಿ ನುಸುಳಿಕೊಂಡೇ ಹಿಂದಿನ ಕೊಳವೆಗೆ ಹೋಗಬೇಕು. ಆ ಸಂದು ತೀರಾ ಅಗಲವಾದರೆ ಬಿಸಿ ಹಂಡೆಯನ್ನು ಮುಟ್ಟದೆ ಹೋಗುತ್ತದೆ, ತೀರಾ ಕಿರಿದಾದರೆ ಹೊಗೆ ಬಾಗಿಲಿನಿಂದ ಹೊರಬರುತ್ತದೆ. ಲೆಕ್ಕ ಸರಳ: ಹಂಡೆಯ ವ್ಯಾಸ 20 ಅಂಗುಲ, ಸುತ್ತಲೂ ಅರ್ಧ ಅಂಗುಲ ಬಿಟ್ಟರೆ ಸುಮಾರು 32 ಚದರ ಅಂಗುಲದ ದಾರಿ. ಕೊಳವೆಯ 28ಕ್ಕಿಂತ ತುಸು ಹೆಚ್ಚು, ಸಾಕು.

ಲೆಕ್ಕವೇನೋ ಸರಿಯಾಗಿತ್ತು, ಹಂಡೆ ಮಾತ್ರ ಲೆಕ್ಕಕ್ಕೆ ಒಪ್ಪಲಿಲ್ಲ. ಕೈಯಿಂದ ಬಡಿದು ಮಾಡಿದ, ಎಷ್ಟೋ ವರ್ಷ ಹುಣಸೆಹಣ್ಣು ಹಚ್ಚಿ ಉಜ್ಜಿಸಿಕೊಂಡ, ಎರಡು ಮೂರು ಕಡೆ ತಗ್ಗು ಬಿದ್ದ ಆ ಹಂಡೆ ದುಂಡಗಿದೆ ಎಂದು ನಾನು ನಂಬಿದ್ದೇ ತಪ್ಪು. ಕೂರಿಸಿ ನೋಡಿದರೆ ಎಡಗಡೆ ಬಳೆಗೆ ತಾಗುತ್ತಿದೆ, ಹಿಂದೆ ಕೊಳವೆಯ ಬಾಯಿಯ ಎದುರಿಗೇ ಒಂದಂಗುಲದ ತೆರಪು! ಮೊದಲ ದಿನ ಬೆಂಕಿಯೆಲ್ಲ ಆ ತೆರಪಿನಲ್ಲೇ ಓಡಿ, ಹಂಡೆಯ ಮುಂಭಾಗದ ನೀರು ಉಗುರು ಬೆಚ್ಚಗೂ ಆಗಲಿಲ್ಲ. ಹಂಡೆಯನ್ನು ಕಾಲು ಸುತ್ತು ತಿರುಗಿಸಿ, ತಾಗುತ್ತಿದ್ದ ಕಡೆ ಬಳೆಯನ್ನು ಗ್ರೈಂಡರಿನಿಂದ ಸವೆಸಿ, ಮೂರು ಕಡೆ ಅರ್ಧ ಅಂಗುಲದ ಕಬ್ಬಿಣದ ತುಂಡುಗಳನ್ನು ಬೆಸೆಸಿದ ಮೇಲೆಯೇ ಅದು ನಡುವಿಗೆ ಕುಳಿತದ್ದು.

ಎರಡನೆಯ ತಪ್ಪು ಸಿಮೆಂಟಿನದು. ಪೆಟ್ಟಿಗೆಗೂ ಚಿರೆಕಲ್ಲಿಗೂ ನಡುವಿನ ಸಂದನ್ನು ಮೇಸ್ತ್ರಿ ಸಿಮೆಂಟಿನಿಂದ ಅಂದವಾಗಿ ಮುಚ್ಚಿಕೊಟ್ಟರು. ಮೂರನೆಯ ದಿನಕ್ಕೆ ಅದು ಬಾಯಿ ಬಿಟ್ಟಿತು. ಎರಡಡಿ ಉದ್ದದ ಕಬ್ಬಿಣ 400 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ಕಲ್ಲು ಅಷ್ಟು ಬೆಳೆಯುವುದಿಲ್ಲ; ಜೊತೆಗೆ ಆ ಬಿಸಿಗೆ ಸಿಮೆಂಟು ತಾನೇ ಸಡಿಲವಾಗುತ್ತದೆ. ಅದನ್ನು ಕೆತ್ತಿ ತೆಗೆದು, ಸುತ್ತ ಕಾಲಂಗುಲದ ಜಾಗ ಬಿಟ್ಟು, ಸೆರಾಮಿಕ್ ನಾರಿನ ಹಾಸನ್ನು ತುರುಕಿ, ಹೊರಮೈಗೆ ಮಾತ್ರ ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿದೆವು. ಮಣ್ಣು ಬಿರಿದರೆ ಒದ್ದೆ ಕೈಯಿಂದ ಸವರಿದರೆ ಮುಗಿಯಿತು.

ಕೊಳವೆಯ ಕೆಲಸ ಸುಲಭವಾಗಿ ಸಾಗಿತು. ನಾಲ್ಕೂವರೆ ಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಮೇಲಿನಿಂದ ಇಳಿಸಿ, ಅಡಿಯಲ್ಲಿ ತಗಡಿನ ತಟ್ಟೆಯೊಂದನ್ನು ಕೊಟ್ಟು, ಕೊಳವೆ ಮತ್ತು ಹಳೆಯ ಗೋಡೆಯ ನಡುವಿನ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ತುಂಬಿಸಿದೆವು. ಬಿಸಿಯನ್ನು ತಡೆಯುವುದಕ್ಕೆ ಅದಕ್ಕಿಂತ ಅಗ್ಗದ ವಸ್ತು ನಮ್ಮ ಕಡೆ ಸಿಗಲಾರದು. ಆದರೆ ಅಕ್ಕಿ ಗಿರಣಿಯಿಂದ ತಂದದ್ದು ಅರೆಬೆಂದ ಕರಿ ಬೂದಿಯಾಗಿದ್ದರೆ ಅದನ್ನು ಇನ್ನೊಮ್ಮೆ ಬೆಳ್ಳಗಾಗುವವರೆಗೆ ಸುಡಲೇಬೇಕು, ಇಲ್ಲವಾದರೆ ಹೊಗೆಗೂಡಿನೊಳಗೆ ಕೆಂಡ ಕೂರಿಸಿದಂತೆ. ಇಷ್ಟು ಉದ್ದದ ಕೊಳವೆ ಕಾದಾಗ ಸುಮಾರು 2 ಸೆಂಟಿಮೀಟರ್ ಬೆಳೆಯುವುದರಿಂದ ತಲೆಯ ಭಾಗವನ್ನು ಬಿಗಿಯದೆ, ಮುಚ್ಚುತಟ್ಟೆಯ ರಂಧ್ರದಲ್ಲಿ ಜಾರುವಂತೆ ಬಿಟ್ಟು, ಮಳೆನೀರು ಬೂದಿಗೆ ಇಳಿಯದಂತೆ ಮೇಲೊಂದು ಕೊಡೆತಗಡು ಹೊದಿಸಿದ್ದೇವೆ. ಕೊಳವೆಯ ತುದಿ ಮಾಡಿನಿಂದ ಕನಿಷ್ಠ ಮೂರಡಿ ಮೇಲಿರಬೇಕು, ಹತ್ತಡಿಯೊಳಗಿನ ಯಾವುದೇ ಭಾಗಕ್ಕಿಂತ ಎರಡಡಿ ಎತ್ತರವಿರಬೇಕು ಎಂಬುದು ಇಂಥ ಒಲೆಗಳು ಹೆಚ್ಚಾಗಿರುವ ದೇಶಗಳ ನಿಯಮ. ನಾವೂ ಅದನ್ನೇ ಅನುಸರಿಸಿದೆವು.

ಅಡಿಕೆ ತೂಗುವ ತಕ್ಕಡಿಯಲ್ಲಿ ಕಟ್ಟಿಗೆಯನ್ನು ತೂಗಿ ನೋಡಿದ್ದೇನೆ. ಒಂದು ಹಂಡೆ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಮೊದಲು 5 ಕಿಲೋ ಬೇಕಾಗುತ್ತಿತ್ತು, ಈಗ ಎರಡೂವರೆ ಸಾಕು. ಆ ನೀರಿಗೆ ನಿಜವಾಗಿ ಸೇರುವ ಶಾಖ ಸುಮಾರು 600 ಗ್ರಾಂ ಒಣ ಕಟ್ಟಿಗೆಯಲ್ಲಿರುವಷ್ಟೇ ಆದ್ದರಿಂದ ಈಗಲೂ ಮುಕ್ಕಾಲು ಭಾಗ ಪೋಲಾಗುತ್ತಿದೆ ಎಂಬುದನ್ನೂ ಹೇಳಬೇಕು. ಇದೂ ಒಣಗಿದ ಕಟ್ಟಿಗೆಯ ಮಾತು. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಬೆಂಕಿ ಮೊದಲು ಅದನ್ನು ಆವಿ ಮಾಡಬೇಕಾಗುತ್ತದೆ.

ಅನನುಕೂಲವೂ ಇದೆ. ಹಿಂದೆ ಉದ್ದನೆಯ ಮರದ ಕುಂಟೆಯೊಂದನ್ನು (ದಿಮ್ಮಿಯನ್ನು) ಒಲೆಗೆ ಕೊಟ್ಟು ಆಗಾಗ ಕಾಲಿನಿಂದ ಒಳಗೆ ನೂಕಿದರೆ ಸಾಕಿತ್ತು. ಈಗ ಬಾಗಿಲು ಮುಚ್ಚಬೇಕಾದರೆ ಎಲ್ಲವನ್ನೂ ಒಂದೂವರೆ ಅಡಿಗೆ ತುಂಡರಿಸಬೇಕು. ಬೇಸಿಗೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಗಾಳಿಯ ಪಟ್ಟಿಯನ್ನು ಪೂರ್ತಿ ಮುಚ್ಚಿ, ಬಚ್ಚಲಿನ ಬಾಗಿಲನ್ನೂ ಹಾಕಿಕೊಂಡು ಸ್ನಾನಕ್ಕೆ ಕೂರಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಉಸಿರುಗಟ್ಟಿದ ಕೆಂಡ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹೆಂಚಿನ ಸಾಲಿನ ಕೆಳಗಿದ್ದ ಗವಾಕ್ಷಿಯನ್ನು ಹಾಗಾಗಿಯೇ ತೆರೆದಿಟ್ಟಿದ್ದೇವೆ.

ಆಯಿಯ ಆಕ್ಷೇಪ ಬೇರೆ. ಬಚ್ಚಲಿನ ಹೊಗೆ ಇಲ್ಲದಿದ್ದರೆ ಮಾಡಿನ ಪಕಾಸಿಗೆ, ಅಂದರೆ ಹೆಂಚು ಹೊರುವ ಮರದ ತೊಲೆಗಳಿಗೆ, ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯುತ್ತದೆ ಎನ್ನುತ್ತಾಳೆ. ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಆದ್ದರಿಂದ ಅಡುಗೆಮನೆಯ ಒಲೆಯನ್ನು ಮುಟ್ಟಲಿಲ್ಲ. ಮುರುಗಲ ಸಿಪ್ಪೆಯೂ ಬೀಜದ ಸೌತೆಕಾಯಿಯೂ ಅಲ್ಲಿಯ ಹೊಗೆಯಲ್ಲೇ ತೂಗುತ್ತಿವೆ. ಈ ಏಪ್ರಿಲಿನಲ್ಲಿ ಕೊಳವೆಯೊಳಗೆ ತಂತಿಯ ಬ್ರಶ್ ಇಳಿಸಿದಾಗ ಉದುರಿದ್ದು ಒಂದು ಸಿದ್ದೆಯಷ್ಟು (ಅಕ್ಕಿ ಅಳೆಯುವ ಸಣ್ಣ ಅಳತೆಯಷ್ಟು) ಮಸಿ. ಬೆರಳಿನ ನಡುವೆ ತಿಕ್ಕಿದರೆ ಪುಡಿಯಾಯಿತು, ಅಂಟಲಿಲ್ಲ.