ಮನೆ ಯಾರಿಗೆ ಬಂತು ಅಂತ ಕೇಳುವವರಿಗೆ

ಯಾರೂ ಇದನ್ನು ನೇರವಾಗಿ ಕೇಳುವುದಿಲ್ಲ. ಮೊದಲು "ಅತ್ತೆ ಹೋಗಿಬಿಟ್ಟರಂತೆ, ಪಾಪ" ಅನ್ನುತ್ತಾರೆ. ಎಷ್ಟು ವಯಸ್ಸಾಗಿತ್ತು ಅನ್ನುತ್ತಾರೆ. 86 ಅಂದ ಕೂಡಲೇ "ತುಂಬಿದ ಬಾಳು ಬಿಡಿ" ಅಂತ ಅವರೇ ಸಮಾಧಾನ ಮಾಡಿಕೊಳ್ಳುತ್ತಾರೆ. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ಸೂರಿನ ಕಡೆ ಒಮ್ಮೆ ಕಣ್ಣಾಡಿಸಿ, "ಅಂದ ಹಾಗೆ, ಮನೆ ಯಾರಿಗೆ ಬಂತು?" ರಾಜಾಜಿನಗರದಲ್ಲಿ 30-40 ಸೈಟಿನ ಮನೆ ಅಂದಮೇಲೆ ಈ ಕುತೂಹಲಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಅತ್ತೆ ಅಂದರೆ ನಮ್ಮನೆಯವರ ಸೋದರತ್ತೆ. ಮದುವೆ ಆಗಲಿಲ್ಲ. ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಫ್ಯಾಕ್ಟರಿ ಶುರು ಮಾಡಿದ್ದು 1961ರಲ್ಲಿ. ಅತ್ತೆ ಅದರ ಮರುವರ್ಷವೇ ಸೇರಿದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಕೂರಿಸುವ ಕೆಲಸ. 34 ವರ್ಷ ಅದನ್ನೇ ಮಾಡಿದ ಕೈಗೆ ನಿವೃತ್ತಿಯಾದ ಮೇಲೆ ಸಿಕ್ಕಿದ್ದು ನಾವು. ಯಾರಿಗೆ ಎಲ್ಲಿ ಎಷ್ಟು ತಿರುವಿದರೆ ನೋಯುತ್ತದೆ ಅನ್ನುವ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

2013ರಲ್ಲಿ ಅವರ ಸೊಂಟದ ಮೂಳೆ ಮುರಿದಾಗ ನಾವು ಬಾಡಿಗೆ ಮನೆ ಬಿಟ್ಟು ಅಲ್ಲಿಗೆ ಬಂದೆವು. ಹಾಲು ಉಕ್ಕಿಸುವ ಮೊದಲೇ ಮಂಚದ ಮೇಲಿಂದ ಸ್ವಾಗತ ಭಾಷಣವಾಯಿತು: "ನೀವು ಬಂದಿರೋದು ಮನೆಗೋಸ್ಕರ, ನಾನು ಬರಗೊಟ್ಟಿರೋದು ಹೊತ್ತುಹೊತ್ತಿಗೆ ಕಾಫಿಗೋಸ್ಕರ. ಪ್ರೀತಿ ಗೀತಿ ಅಂತ ನಾಟಕ ಬೇಡ." ಮದುವೆಯಾಗಿ ಹತ್ತು ವರ್ಷದಲ್ಲಿ ಆ ಕಡೆಯವರೊಬ್ಬರು ನನ್ನೆದುರು ಆಡಿದ ಮೊದಲ ನಿಜ ಅದು. ಹಾಗಾಗಿ "ಆಸ್ತಿಗೋಸ್ಕರ ತಾನೆ ಸಹಿಸ್ಕೊಂಡಿದ್ದು?" ಅನ್ನುವವರಿಗೂ ಉತ್ತರ ಇಲ್ಲೇ ಇದೆ. ಹೌದು. ಅತ್ತೆಗೇ ಗೊತ್ತಿದ್ದದ್ದನ್ನು ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕು?

ಕಾಟದ ಪಟ್ಟಿ ಕೊಡುತ್ತಾ ಹೋದರೆ ಮುಗಿಯುವುದಿಲ್ಲ. ನಾಲ್ಕು ಅಕ್ಕಿರೊಟ್ಟಿ ತಿಂದು, ಬಂದ ನೆಂಟರೆದುರು "ಬೆಳಗ್ಗೆಯಿಂದ ಬಾಯಿಗೆ ನೀರೂ ಬಿದ್ದಿಲ್ಲಮ್ಮ" ಅನ್ನುವುದು ದಿನದ ಮಾತು. ಯುಗಾದಿ ದಿನ ಬಟ್ಟಲಿನಿಂದ ಬೆಲ್ಲ ಆರಿಸಿ ಪಕ್ಕದ ಮನೆಯ ಮಕ್ಕಳಿಗೆ, ಬೇವು ನಮಗೆ. ಹುಳಿಗೆ ಉಪ್ಪು ಕಮ್ಮಿಯಾದರೆ 1090ಕ್ಕೆ ಫೋನು. ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಟ್ರಸ್ಟಿನವರೂ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ ಅದು. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಆ ತಾಳ್ಮೆಯಲ್ಲಿ ಕಾಲು ಭಾಗ ನನಗಿದ್ದಿದ್ದರೆ ನಾನೂ ಒಳ್ಳೆಯ ಸೊಸೆಯಾಗಿರುತ್ತಿದ್ದೆ.

ಕಾನೂನು ಬಾಯಿಪಾಠ. 2007ರ ಹಿರಿಯ ನಾಗರಿಕರ ಕಾಯ್ದೆಯ ಬಗ್ಗೆ ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದರು, ದೇವರ ಪಟದ ಪಕ್ಕ. ಮಕ್ಕಳಿಲ್ಲದ ಹಿರಿಯರನ್ನು ಅವರ ಆಸ್ತಿ ಪಡೆಯಲಿರುವ ಬಂಧುವೇ ನೋಡಿಕೊಳ್ಳಬೇಕು. ಎಲ್ಲೋ ಬಿಟ್ಟುಬಂದರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ನಮ್ಮನೆಯವರು ಆಫೀಸಿನಿಂದ ತಡವಾಗಿ ಬಂದರೆ "ಮೂರು ತಿಂಗಳು ಕಣೋ" ಅಂತ ಬೆರಳು ಮಡಚಿ ತೋರಿಸುತ್ತಿದ್ದರು. ನಾನೂ ಒಂದು ಮಧ್ಯಾಹ್ನ ಆ ಕಾಯ್ದೆ ಹುಡುಕಿ ಓದಿದೆ. ನೋಡಿಕೊಳ್ಳಬೇಕಾದ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಅನ್ನುವ ಪದ ಆ ಸಾಲಿನಲ್ಲಿ ಇಲ್ಲ. ಬೆಡ್‌ಪ್ಯಾನ್ ಎತ್ತುತ್ತಿದ್ದವಳು ನಾನು.

ಒಂದು ಸಲ ಮಾತ್ರ ಅತ್ತೆಯ ಲೆಕ್ಕ ತಿರುಗಿಬಿತ್ತು, ಅದನ್ನು ಹೇಳದೆ ಬಿಡಲಾರೆ. 2024ರ ಮಾರ್ಚ್, ಊರಿಗೆಲ್ಲ ನೀರಿಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿ ಬರುವ ಕಾವೇರಿಯನ್ನು ನಾವು ಚೊಂಬಿನ ಲೆಕ್ಕದಲ್ಲಿ ಬಳಸುತ್ತಿದ್ದೆವು. ಒಂದು ಬೆಳಗ್ಗೆ ವಾಕರ್ ಹಿಡಿದುಕೊಂಡೇ ಹೊರಗೆ ಹೋಗಿ, ಗೇಟಿನ ಹತ್ತಿರದ ಪೈಪು ಬಿಟ್ಟು, ನಮ್ಮನೆಯವರ ಕಾರಿಗೆ ತಲೆಸ್ನಾನ ಮಾಡಿಸಿದರು. ಆಮೇಲೆ ಒಳಗೆ ಬಂದು "ನನ್ನ ಅಣ್ಣನ ಮಗ ಕಾರು ತೊಳೀತಿದಾನೆ" ಅಂತ ಜಲಮಂಡಳಿಗೆ ತಾವೇ ದೂರು ಕೊಟ್ಟರು. ಬಂದ ಅಧಿಕಾರಿ ಒದ್ದೆ ನೆಲ ನೋಡಿ ಕೇಳಿದ್ದು ಒಂದೇ: "ಕನೆಕ್ಷನ್ ಯಾರ ಹೆಸರಲ್ಲಿದೆ?"

ಅತ್ತೆ ಆ 5,000ವನ್ನು ತಮ್ಮ ಡಬ್ಬಿಯಿಂದ ಎಣಿಸಿ ಕೊಟ್ಟರು. ನೋಟಿಗೊಂದರಂತೆ ನನ್ನ ತೌರಿನವರಿಗೆ ಬೈಗುಳ.

ನಾನೇನು ಸಾಧ್ವಿಯಲ್ಲ. ಅವರ ಕೈಯಲ್ಲಿ ಸದಾ ಒಂದು ಎಚ್‌ಎಂಟಿ ಸುಜಾತಾ ಇರುತ್ತಿತ್ತು, ಕೀಲಿ ಕೊಡುವ ವಾಚು. ಬೆಳಗ್ಗೆ 6:10ಕ್ಕೆ ಕಾಫಿ ಬರಬೇಕು, 6:11ಕ್ಕೆ ಬಂದರೆ ಅದು ಕಲಗಚ್ಚು. ಒಂದು ರಾತ್ರಿ ಅವರು ಮಲಗಿದ ಮೇಲೆ ಆ ವಾಚನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿಟ್ಟೆ. ಬೆಳಗ್ಗೆ ಕಿವಿಯ ಹತ್ತಿರ ಹಿಡಿದರು, ಕಿಟಕಿಯ ಬಿಸಿಲು ನೋಡಿದರು, ನನ್ನ ಮುಖ ನೋಡಿದರು. "ಹತ್ತು ನಿಮಿಷ ಕದ್ದಿದೀಯಲ್ಲೇ." ನಾನು ಸುಮ್ಮನಿದ್ದೆ. ಮುಳ್ಳು ಸರಿಮಾಡಿಕೊಂಡು, ಲೋಟ ತಗೊಂಡು, "ಪರವಾಗಿಲ್ಲ, ಈ ಮನೇಲಿ ನಿಂಗೊಬ್ಬಳಿಗಾದರೂ ತಲೆ ಇದೆ" ಅಂದರು. ಹನ್ನೊಂದು ವರ್ಷದಲ್ಲಿ ಸಿಕ್ಕ ಒಂದೇ ಮೆಚ್ಚುಗೆ. ಆ ದಿನವೆಲ್ಲ ಖುಷಿಯಾಗಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ.

ಅವರು ನಿಜವಾಗಿ ಹೋದದ್ದು ಅದೇ ವರ್ಷದ ದೀಪಾವಳಿಗೆ ಮುಂಚೆ. ಅದಕ್ಕೂ ಮೊದಲು ಮೂರು ಸಲ ಹೋಗಿದ್ದರು. ಪ್ರತಿ ಸಲವೂ ಮೈಸೂರಿನಿಂದ ಮೈದುನ, ತುಮಕೂರಿನಿಂದ ನಾದಿನಿ ಓಡಿ ಬರುವುದು, ಯಾರು ಎಷ್ಟು ಅತ್ತರು ಅಂತ ಅತ್ತೆ ಅರೆಗಣ್ಣಲ್ಲಿ ನೋಡಿಕೊಳ್ಳುವುದು, ಆಮೇಲೆ ಎದ್ದು ಕೂತು ಕಾಫಿ ಕೇಳುವುದು. ಹಾಗಾಗಿ ನಾಲ್ಕನೇ ಸಲ ಮೈದುನ ಊಟ ಮುಗಿಸಿ, ಒಂದು ಕೋಳಿನಿದ್ದೆ ಮಾಡಿ ಹೊರಟ. 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದಾಗ ಅತ್ತೆಯೂ ನೇತ್ರದಾನಕ್ಕೆ ಬರೆದುಕೊಟ್ಟಿದ್ದರು ("ನಾಲಿಗೆ ತಗೊಳ್ಳಲ್ವಂತೆ" ಅಂತ ಬೇಜಾರು ಬೇರೆ). ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು ಅನ್ನುತ್ತಾರೆ. ಅವರು ಬಂದು ಕೆಲಸ ಮುಗಿಸಿಕೊಂಡು ಹೋದ ಮೇಲೆ ಮೈದುನನ ಕಾರು ಬಂತು. ಈಗ ಬಸ್ಸಿನಲ್ಲಿ ಯಾರಾದರೂ ಗುರಾಯಿಸಿ ನೋಡಿದರೆ ನಾನು ತಕ್ಷಣ ಸೆರಗು ಸರಿಮಾಡಿಕೊಳ್ಳುತ್ತೇನೆ. ಹೇಳಲಾಗುವುದಿಲ್ಲ.

ಸರಿ, ಮನೆ. ವೈಕುಂಠ ಸಮಾರಾಧನೆಯ ಮರುದಿನ ಬೀರು ತೆಗೆದೆವು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದು ನಿಲ್ಲುತ್ತದೆ. ಅತ್ತೆ ಈ ಸೌಲಭ್ಯವನ್ನು ಚೆನ್ನಾಗಿಯೇ ಬಳಸಿಕೊಂಡಿದ್ದರು. ಒಟ್ಟು ಒಂಬತ್ತು ಉಯಿಲು. ನಾಲ್ಕರಲ್ಲಿ ನಮ್ಮನೆಯವರಿಗೆ, ಎರಡರಲ್ಲಿ ಮೈದುನನಿಗೆ, ಒಂದರಲ್ಲಿ ನಾದಿನಿಗೆ, ಒಂದು ದೇವಸ್ಥಾನಕ್ಕೆ, ಒಂದು ಬೀದಿಕೊನೆಯ ಇಸ್ತ್ರಿ ಅಂಗಡಿಯವನಿಗೆ. ಒಂಬತ್ತರಲ್ಲೂ ಒಂದೇ ಕೈಬರಹ, ಒಂದೇ ನೀಲಿ ಶಾಯಿ. ಒಂದರಲ್ಲೂ ತಾರೀಖಿಲ್ಲ. ಸಹಿಯ ಕೆಳಗೆ ಸಮಯ ಮಾತ್ರ ಇದೆ. ಬೆಳಗ್ಗೆ 6:10.

ಉಯಿಲೇ ಬರೆಯದೆ ಹೋಗಿದ್ದರೆ ಅಣ್ಣನ ಮೂರು ಮಕ್ಕಳಿಗೂ ಸಮಪಾಲು ಬಂದು ಜಗಳವೇ ಇರುತ್ತಿರಲಿಲ್ಲ ಅಂತ ವಕೀಲರು ಹೇಳಿದರು. ಅತ್ತೆಗೂ ಅದು ಗೊತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಕೋರ್ಟಿನಲ್ಲಿದೆ. ಯಾವುದು ಕೊನೆಯ ಉಯಿಲು ಅಂತ ಸಾಕ್ಷಿಗಳನ್ನು ಕೇಳಬೇಕು. ನಮ್ಮ ಬೀದಿಯಲ್ಲಿ ಸಾಕ್ಷಿ ಹಾಕದವರು ಕಮ್ಮಿ. ಹೂವಿನಾಕೆ ತನ್ನ ಮಗಳ ಬಾಣಂತನದ ಹೊತ್ತಿನಲ್ಲಿ ಸಹಿ ಹಾಕಿದ್ದಂತೆ. ಯಾವ ಬಾಣಂತನ ಅಂತ ನೆನಪಿಲ್ಲವಂತೆ. ಎದುರುಮನೆಯವರು ಮೆಟ್ರೋ ಶುರುವಾದ ಮೇಲೆ ಅನ್ನುತ್ತಾರೆ, ಅವರ ಹೆಂಡತಿ ಮುಂಚೆ ಅನ್ನುತ್ತಾರೆ. ಇಬ್ಬರು ಸಾಕ್ಷಿಗಳು ಅತ್ತೆಗಿಂತ ಮೊದಲೇ ಹೋಗಿದ್ದಾರೆ. ಇಸ್ತ್ರಿ ಅಂಗಡಿಯವನು ಬಟ್ಟೆ ತಂದಾಗ ಗೋಡೆಯ ಬಿರುಕು ನೋಡಿ, "ಇದನ್ನ ಬೇಗ ಸರಿ ಮಾಡಿಸಿ ಅಕ್ಕಾ" ಅನ್ನುತ್ತಾನೆ.

ಕಳೆದ ವಾರ ನೀರಿನ ಬಿಲ್ಲು ಬಂತು, ಅತ್ತೆಯ ಹೆಸರಿನಲ್ಲೇ. ಕಟ್ಟಿದೆವು.