ದಾರದ ಅಳತೆ

ಇಂದು ಬೆಳಿಗ್ಗೆ 10 ಗಂಟೆಗೆ ಮಗಳು ಬಂದಳು. ಅವಳ ಪೆನ್ಸಿಲ್ ಡಬ್ಬಿಯೊಳಗೆ ಸುತ್ತಿಟ್ಟ ಒಂದು ಬಿಳಿಯ ದಾರವಿತ್ತು.

ಅವಳ ಅಮ್ಮನ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರವನ್ನು ಗುರುತು ಮಾಡಿದಾಗ ಅದೇ ಅಳತೆಗೆ ಕತ್ತರಿಸಿದ ದಾರವನ್ನು, ಇಲ್ಲಿಯೂ ಗೆರೆ ಎಳೆಯಬೇಕೆಂದು ಜೋಪಾನವಾಗಿ ತಂದಿದ್ದಳು. ಈಗಲೇ ಅಳೆದರಾಯಿತಲ್ಲ ಎಂದೆ. "ಅದು ಇವತ್ತಿನ ಎತ್ತರ, ಇದು ಹುಟ್ಟುಹಬ್ಬದ್ದು" ಎಂದು ತಿದ್ದಿದಳು. ಹುಟ್ಟುಹಬ್ಬ ಮಂಗಳವಾರ ಬಂದಿತ್ತು, ಮಂಗಳವಾರ ನನ್ನದಲ್ಲ.

ನ್ಯಾಯಾಲಯದ ಆದೇಶದಲ್ಲಿ ವಾರಾಂತ್ಯಗಳು, ರಜೆಯ ಅರ್ಧಭಾಗ, ಶಾಲೆಯ ಶುಲ್ಕ, ಕರೆದೊಯ್ಯುವ ಮತ್ತು ಮರಳಿ ಬಿಡುವ ವೇಳೆ ಎಲ್ಲವೂ ಸ್ಪಷ್ಟವಾಗಿವೆ, ಮತ್ತು ಆ ಸ್ಪಷ್ಟತೆಯೇ ನಮ್ಮ ಎಷ್ಟೋ ಜಗಳಗಳನ್ನು ತಪ್ಪಿಸಿದೆ ಎಂಬುದನ್ನು ಒಪ್ಪುತ್ತೇನೆ. (ಸಹಿ ಹಾಕುವಾಗ ಹಾಗೆ ಅನ್ನಿಸಿರಲಿಲ್ಲ.) ಎತ್ತರದ ವಿಷಯವನ್ನು ಮಾತ್ರ ಯಾವ ವಕೀಲರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ದಾರದ ಎಳೆ ಬಿಚ್ಚದಂತೆ ಎರಡೂ ತುದಿಗೆ ಪುಟ್ಟ ಗಂಟುಗಳಿದ್ದವು. ಮಗಳಿಗೆ ಇನ್ನೂ ಗಂಟು ಹಾಕಲು ಬರುವುದಿಲ್ಲ. ಅದನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ.

ಗೆರೆ ಎಳೆದು, ತಾರೀಖು ಬರೆದು, ಫೋಟೊ ತೆಗೆದು ಅವಳ ಅಮ್ಮನಿಗೆ ಕಳುಹಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿಹ್ನೆ ಬಂತು. ಸ್ವಲ್ಪ ಹೊತ್ತಿನ ನಂತರ, "ದಾರವನ್ನು ಎಸೆಯಬೇಡಿ" ಎಂಬ ಸಂದೇಶವೂ ಬಂತು.