ಟ್ರೇಲರ್ ಟೈರ್ ಮೇಲಿನ ಆ ನಂಬರುಗಳು

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ, ಕೊಳ್ಳುವವರು ಒಳಗಿನ ಅಡುಗೆಮನೆ, ಮಂಚ, ಬಾತ್‌ರೂಮ್ ಎಲ್ಲ ತಿರುಗಿ ತಿರುಗಿ ನೋಡುತ್ತಾರೆ, ಟೈರ್ ಕಡೆ ಮಾತ್ರ ಬಗ್ಗುವುದಿಲ್ಲ. ಒಮ್ಮೆ ಬಗ್ಗಿ ನೋಡಿ. ಎಸ್‌ಟಿ225/75ಆರ್15, ಪಕ್ಕದಲ್ಲಿ 117/112ಎಂ ಅಂತ ಇದೆ ಅಂದುಕೊಳ್ಳಿ. ಎಸ್‌ಟಿ ಅಂದರೆ ಟ್ರೇಲರ್‌ಗೆಂದೇ ಮಾಡಿದ ಟೈರ್, ಅದರ ಮುಂದಿನದು ಸೈಜು. 117 ಅನ್ನುವುದು ಭಾರದ ಸಂಕೇತ, ಅಂದರೆ ಒಂಟಿ ಟೈರ್ 1285 ಕೆಜಿ ಹೊರುತ್ತದೆ. ಆಕ್ಸಲ್‌ನ ಒಂದೇ ತುದಿಗೆ ಎರಡು ಟೈರ್ ಜೋಡಿಯಾಗಿ ಹಾಕಿದರೆ ಒಂದೊಂದಕ್ಕೆ 1120 ಕೆಜಿ, ಅದು 112. ಎಂ ಇದ್ದರೆ ಗಂಟೆಗೆ 130 ಕಿಮೀ ಮಿತಿ, ಎಲ್ ಇದ್ದರೆ 120. ಮಿತಿ ಅಷ್ಟೇ, ಅಷ್ಟು ಓಡಿಸಿ ಅಂತಲ್ಲ!

ಆದರೆ ಆ 1285 ಕೆಜಿ ಸುಮ್ನೆ ಸಿಗುವುದಿಲ್ಲ. ಈ ಸೈಜಿನ ಲೋಡ್ ರೇಂಜ್ ಇ (ಟೈರ್ ಎಷ್ಟು ಗಟ್ಟಿ ಅಂತ ಹೇಳುವ ದರ್ಜೆ) ಟೈರ್‌ಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದಾಗ ಮಾತ್ರ ಆ ಲೆಕ್ಕ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ, ಅದರ ಮೇಲೆ ಬೇಸಿಗೆಯ ಅರಿಜೋನಾ ರಸ್ತೆ, ಜಾಸ್ತಿ ಸ್ಪೀಡ್, ಹಿಂದೆ ತುಂಬಿದ ನೀರಿನ ಟ್ಯಾಂಕ್ ಸೇರಿದರೆ ಟೈರ್ ಸಿಡಿಯಲು ಇನ್ನೇನು ಬೇಕು ಹೇಳಿ?

ಇನ್ನೊಂದು, ನಾಲ್ಕು ಟೈರ್ ಇದೆ, 5140 ಕೆಜಿ ತಡೆಯುತ್ತದೆ ಅಂತ ಗುಣಿಸಿ ಕೂರಬೇಡಿ. ಫ್ರಿಜ್, ಒಲೆ ಎಲ್ಲ ಒಂದೇ ಬದಿಗಿದ್ದರೆ ಆ ಬದಿಯ ಟೈರ್‌ಗಳ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಅಲ್ವಾ? ಹಲವು ಟ್ರಕ್ ಸ್ಟಾಪ್‌ಗಳಲ್ಲಿ ಗಾಡಿ ತೂಗುವ ಕಟ್ಟೆ ಇರುತ್ತದೆ. ಸಾಮಾನು, ನೀರು ಎಲ್ಲ ತುಂಬಿಕೊಂಡೇ ಅಲ್ಲಿ ತೂಗಿಸಿ.